ಮುಖಪರಿಚಯದವರು

ಮಗ ಕೆಲಸ ಹುಡುಕತೊಡಗಿದರೆ ಮನೆಯಲ್ಲಿ ಮೊದಲು ಬರುವ ಮಾತು, "ಮಾವನ ಕಿವಿಗೊಂದು ಮಾತು ಹಾಕಿ ನೋಡು." ಕೈಹಿಡಿಯುವವರು ಆಪ್ತರೇ ಎಂಬ ನಂಬಿಕೆ ನಮ್ಮದು.

ಆದರೆ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ, ಆಗಷ್ಟೇ ಉದ್ಯೋಗ ಬದಲಿಸಿದವರನ್ನು ಮಾತಾಡಿಸಿದಾಗ ಬೇರೆಯೇ ಚಿತ್ರ ಕಂಡಿತು. ಪರಿಚಿತರ ಮೂಲಕ ಕೆಲಸ ಸಿಕ್ಕವರಲ್ಲಿ, ಸುಳಿವು ಕೊಟ್ಟವರನ್ನು ಪದೇಪದೇ ಭೇಟಿಯಾಗುತ್ತಿದ್ದವರು ಸುಮಾರು ಶೇ. 17 ಮಾತ್ರ. ಉಳಿದವರಿಗೆ ನೆರವಾದದ್ದು ಹಳೆಯ ಸಹಪಾಠಿ, ಹಿಂದಿನ ಕಚೇರಿಯ ಸಹೋದ್ಯೋಗಿ, ಹೀಗೆ ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವವರು. 1973ರ ಲೇಖನದಲ್ಲಿ ಅವರು ಕಾರಣವನ್ನೂ ವಿವರಿಸಿದರು: ಆಪ್ತ ಬಳಗದಲ್ಲಿ ಎಲ್ಲರಿಗೂ ಗೊತ್ತಿರುವುದು ಹೆಚ್ಚುಕಡಿಮೆ ಒಂದೇ ಸುದ್ದಿ, ದೂರದ ಪರಿಚಿತ ಬೇರೊಂದು ಬಳಗದ ಸುದ್ದಿ ತರುತ್ತಾನೆ.

ವಶೀಲಿಯ ಮಾತಲ್ಲ ಇದು. ವಶೀಲಿ ಇನ್ನೊಬ್ಬರ ಸರದಿಯನ್ನು ಕಿತ್ತುಕೊಳ್ಳುತ್ತದೆ. ಸುಳಿವು ದಾರಿ ತೋರಿಸುತ್ತದೆ, ಅಷ್ಟೆ. ನನ್ನನ್ನು ಕಾಡುವುದು ಇನ್ನೊಂದು. ಬಂಧುಬಳಗದಾಚೆ ಯಾರನ್ನೂ ಅರಿಯದ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳಿಗೆ ಇಂಥ ಸುಳಿವು ತಲುಪುವುದೇ ಇಲ್ಲ. ಓದಿದ್ದಾರೆ, ಅರ್ಹತೆಯಿದೆ, ಆದರೂ ಅರ್ಜಿ ಹಾಕದೆ ಉಳಿಯುತ್ತಾರೆ. ನಿಮ್ಮ ಕಚೇರಿಯಲ್ಲಿ ಹುದ್ದೆ ಖಾಲಿಯಿದ್ದರೆ, ನೀವು ಓದಿದ ಊರಿನ ಕಾಲೇಜಿನ ಮೇಷ್ಟರಿಗೆ ಇವತ್ತೇ ಒಂದು ಫೋನ್ ಮಾಡಿ. ಅಂಥ ಹುಡುಗಿಯರು ಯಾರು ಯಾರೆಂದು ಅವರಿಗೆ ಗೊತ್ತಿರುತ್ತದೆ.