ತುಸು ವಾಲಿದ ನಿಲುವು

ಗಾಳಿಯಲ್ಲಿ ನಿಂತಲ್ಲೇ ನಿಂತ ಹೆಲಿಕಾಪ್ಟರ್ ಸಾಮಾನ್ಯವಾಗಿ ನೆಟ್ಟಗಿರುವುದಿಲ್ಲ. ಒಂದು ಮಗ್ಗುಲಿಗೆ ತುಸು ವಾಲಿರುತ್ತದೆ. ಚುನಾವಣೆಯ ದಿನಗಳಲ್ಲಿ ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಕಡೆ ನಾಯಕರು ಬಂದಿಳಿಯುವಾಗ ಮೈದಾನದ ಸುತ್ತ ಜನ ಸೇರುತ್ತಾರೆ. ಧೂಳೆದ್ದು ಎಲ್ಲರೂ ಕಣ್ಣು ಮುಚ್ಚಿಕೊಳ್ಳುವ ಹೊತ್ತಿಗೇ ಈ ಸೊಗಸು ಕಣ್ತಪ್ಪಿ ಹೋಗುತ್ತದೆ.

ಮೇಲಿನ ದೊಡ್ಡ ರೋಟರ್ ಒಂದು ದಿಕ್ಕಿಗೆ ಸುತ್ತಿದರೆ, ಕೆಳಗಿನ ಒಡಲು ಎದುರು ದಿಕ್ಕಿಗೆ ತಿರುಗಲು ಹವಣಿಸುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಅದನ್ನು ತಡೆಯಲು ಬಾಲದ ಪುಟ್ಟ ರೋಟರ್ ಪಕ್ಕಕ್ಕೆ ತಳ್ಳುತ್ತದೆ. ತಿರುಗುವುದೇನೋ ನಿಂತಿತು, ಆದರೆ ಆ ತಳ್ಳುವಿಕೆಗೆ ಇಡೀ ಯಂತ್ರವೇ ಪಕ್ಕಕ್ಕೆ ಜಾರತೊಡಗುತ್ತದೆ. ಜಾರದಿರಲೆಂದು ಪೈಲಟ್ ದೊಡ್ಡ ರೋಟರನ್ನು ಎದುರು ಮಗ್ಗುಲಿಗೆ ಕೊಂಚ ಓರೆ ಮಾಡುತ್ತಾರೆ. ಒಡಲೂ ಅತ್ತ ವಾಲುತ್ತದೆ. ಸೊಂಟದ ಮೇಲೆ ತುಂಬಿದ ಕೊಡ ಹೊತ್ತವರು ಇನ್ನೊಂದು ಕಡೆಗೆ ಬಾಗಿ ನಡೆಯುವುದಿಲ್ಲವೇ, ಹಾಗೆ.

ಬೆಂಗಳೂರಿನ ಎಚ್‌ಎಎಲ್ 1960ರ ದಶಕದಿಂದ ತಯಾರಿಸಿದ ಚೇತಕ್ ಹೆಲಿಕಾಪ್ಟರ್ ಫ್ರೆಂಚ್ ವಿನ್ಯಾಸದ್ದು. ಮೇಲಿನಿಂದ ನೋಡಿದರೆ ಅದರ ರೋಟರ್ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಹಾಗಾಗಿ ಬಲಕ್ಕೆ ವಾಲುತ್ತದೆ. ಅಮೆರಿಕದ ಬೆಲ್ ಹೆಲಿಕಾಪ್ಟರುಗಳದ್ದು ತಿರುಗುಮುರುಗು. ಎಡ ಮಗ್ಗುಲು ತಗ್ಗು.

ಈ ಸಮತೋಲವನ್ನು ಒಮ್ಮೆ ಸಾಧಿಸಿ ಕೈಬಿಡುವಂತಿಲ್ಲ. ಪೈಲಟ್ ಎಡಗೈಯ ಸನ್ನೆಕೋಲನ್ನು ಎತ್ತಿದರೆ ಯಂತ್ರ ಮೇಲೇರುತ್ತದೆ, ಜೊತೆಗೇ ಒಡಲು ತಿರುಗುವ ಬಲವೂ ಹೆಚ್ಚುತ್ತದೆ. ಅದಕ್ಕೆ ಕಾಲಿನ ಪೆಡಲ್ ತುಳಿಯಬೇಕು. ತುಳಿದರೆ ಬಾಲದ ತಳ್ಳು ಏರಿ ಯಂತ್ರ ಜಾರುತ್ತದೆ, ಬಲಗೈಯ ಕೋಲನ್ನು ಸರಿಸಬೇಕು. ಅಷ್ಟರಲ್ಲಿ ಒಂದು ಗಾಳಿ ಬೀಸಿದರೆ ಮತ್ತೆ ಮೊದಲಿಂದ. ಒಳಗಿನ ಭಾರ ಮುಂದಾದರೆ ಮೂಗು ತಗ್ಗುತ್ತದೆ, ಹಿಂದಾದರೆ ಎದ್ದು ನಿಲ್ಲುತ್ತದೆ. ಅದಕ್ಕೇ ಹತ್ತುವವರ ತೂಕ ಕೇಳಿ ಆಸನ ಗೊತ್ತುಮಾಡುವುದು. ಕೆಳಗೆ ನಿಂತವರಿಗೆ ಕಾಣುವುದು ಸುಮ್ಮನೆ ನಿಂತ ಹೆಲಿಕಾಪ್ಟರ್ ಮಾತ್ರ. ಮೇಲೆ ಎರಡು ಕೈ, ಎರಡು ಕಾಲು ಕ್ಷಣ ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ನನಗೆ ಆ ದುಡಿಮೆಯ ಮೇಲೆ ಅಪಾರ ಗೌರವ.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ನಮ್ಮ ಈ ನಾಲ್ಕು ತಾಲ್ಲೂಕುಗಳ ಹುಡುಗ ಹುಡುಗಿಯರಿಗೆ ಅದು ದೂರದ ಊರೇನಲ್ಲ. ಅದಕ್ಕೇ ವಿಜ್ಞಾನದ ಮೇಷ್ಟ್ರುಗಳಲ್ಲಿ ಒಂದು ಕೇಳಿಕೆ: ಹೆಲಿಕಾಪ್ಟರ್ ಬಂದ ದಿನ ಮಕ್ಕಳನ್ನು ಹೊರಗೆ ಕರೆದುಕೊಂಡು ಬನ್ನಿ. ಸುರಕ್ಷಿತ ದೂರದಲ್ಲಿ ನಿಲ್ಲಿಸಿ, ಅದು ಎಡಕ್ಕೆ ವಾಲಿದೆಯೋ ಬಲಕ್ಕೋ ಎಂದು ಕೇಳಿ. ರೋಟರ್ ಯಾವ ದಿಕ್ಕಿಗೆ ಸುತ್ತುತ್ತಿದೆ ಎಂಬುದನ್ನು ಅವರೇ ಹೇಳಲಿ.