ಡಾಕ್ಟರ ಹತ್ತಿರ ಮುಚ್ಚುಮರೆ ಬೇಡ



ರಕ್ತಪರೀಕ್ಷೆ ಹತ್ತಿರ ಬಂತೆಂದರೆ ಸಕ್ಕರೆ ಕಾಯಿಲೆಯ ಅನೇಕರಿಗೆ ಪಥ್ಯ ನೆನಪಾಗುತ್ತದೆ. ನಾಲ್ಕು ದಿನ ಸಿಹಿ ಬಿಟ್ಟರೆ ಖಾಲಿಹೊಟ್ಟೆಯ ಸಕ್ಕರೆ ಇಳಿದೀತು. ಎಚ್‌ಬಿಎ1ಸಿ ಪರೀಕ್ಷೆ ಮಾತ್ರ ಇದಕ್ಕೆ ಮಣಿಯುವುದಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದರ ಹಿಮೋಗ್ಲೋಬಿನ್ನಿಗೆ ಅಂಟಿದ ಸಕ್ಕರೆಯನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಸಿಗುತ್ತದೆ.

ಮಾತ್ರೆ ತಪ್ಪಿಸಿದ್ದನ್ನು ಡಾಕ್ಟರಿಂದ ಮುಚ್ಚಿಡುವುದರಿಂದ ಇನ್ನೂ ದೊಡ್ಡ ಅಪಾಯವಿದೆ. ಒಬ್ಬರು ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯನ್ನು ವಾರದಲ್ಲಿ ನಾಲ್ಕೇ ದಿನ ನುಂಗುತ್ತಾರೆ ಎನ್ನಿ. 'ಸರಿಯಾಗಿ ತಗೋತಿದ್ದೀರಾ?' ಎಂದು ಡಾಕ್ಟರು ಕೇಳಿದರೆ 'ಹ್ಞೂಂ ಸಾರ್' ಎನ್ನುತ್ತಾರೆ. ಸಕ್ಕರೆ ಏರಿಯೇ ಇದೆ. ಡಾಕ್ಟರು ಡೋಸ್ ಹೆಚ್ಚಿಸುತ್ತಾರೆ. ಆಮೇಲೆ ಮಗಳು ಊರಿಗೆ ಬಂದು ದಿನವೂ ತಪ್ಪದೆ ಮಾತ್ರೆ ಕೊಡತೊಡಗಿದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯಬಹುದು. ಕೈನಡುಕ, ಬೆವರು, ಕಣ್ಣು ಕತ್ತಲೆ. ಕೆಲವೊಮ್ಮೆ ಪ್ರಜ್ಞೆಯೇ ತಪ್ಪುತ್ತದೆ.

ಮಾತ್ರೆ ತಪ್ಪುವುದಕ್ಕೆ ಕಾರಣ ಇದ್ದೇ ಇರುತ್ತದೆ. ಆ ಕಾರಣವೇ ಡಾಕ್ಟರಿಗೆ ಬೇಕು. ಮೆಟ್‌ಫಾರ್ಮಿನ್ ಮಾತ್ರೆ ಕೆಲವರ ಹೊಟ್ಟೆ ಕೆಡಿಸುತ್ತದೆ; ಊಟದ ಜೊತೆ ತೆಗೆದುಕೊಂಡರೆ, ಇಲ್ಲವೇ ನಿಧಾನವಾಗಿ ಕರಗುವ ಬಗೆಯ ಮಾತ್ರೆಗೆ ಬದಲಿಸಿದರೆ ಎಷ್ಟೋ ಜನರಿಗೆ ಸರಿಹೋಗುತ್ತದೆ. ಔಷಧಿ ದುಬಾರಿಯೇ? ಹೇಳಿ, ಅದೇ ಮದ್ದು ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕೀತು. ಏಕಾದಶಿಯ ಉಪವಾಸ, ರಂಜಾನಿನ ರೋಜಾ, ರಾತ್ರಿಪಾಳಿ, ನಾಟಿಮದ್ದು, ಇವುಗಳಿಗೆಲ್ಲ ತಕ್ಕಂತೆ ಡೋಸ್ ಬದಲಾಗಬೇಕಾಗಬಹುದು. ನೀವಾಗಿಯೇ ಕಡಿಮೆ ಮಾಡಬೇಡಿ, ಮೊದಲೇ ಕೇಳಿ.

ಡಾಕ್ಟರ ಪಾಲೂ ಇದರಲ್ಲಿದೆ. ಗದರುವವರ ಮುಂದೆ ರೋಗಿಯ ಬಾಯಿ ಕಟ್ಟುತ್ತದೆ. 'ಸಾರ್, ಮೂರು ಹೊತ್ತು ಚಪಾತಿ ನನ್ನಿಂದ ಆಗುತ್ತಿಲ್ಲ, ಮುದ್ದೆಯನ್ನೇ ಎಷ್ಟು ತಿನ್ನಬಹುದು ಹೇಳಿ' ಎಂದು ಕೇಳುವುದು ಉದ್ಧಟತನವಲ್ಲ. ಕೇಳಿಸಿಕೊಳ್ಳುವ ತಾಳ್ಮೆಯೇ ಇಲ್ಲದಿದ್ದರೆ ಬೇರೆ ಡಾಕ್ಟರನ್ನು ನೋಡಿ. ಹಳೆಯ ಚೀಟಿ, ರಿಪೋರ್ಟುಗಳು ಜೊತೆಗಿರಲಿ.

ಡಾಕ್ಟರ ಹತ್ತಿರ ಸಿಗುವುದು ಕೆಲವೇ ನಿಮಿಷ. ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿ. ಮಾತ್ರೆಯ ಹೆಸರು ನೆನಪಿಲ್ಲದಿದ್ದರೆ ಸ್ಟ್ರಿಪ್ಪನ್ನೇ ಒಯ್ಯಿರಿ. ವರ್ಷಕ್ಕೊಮ್ಮೆಯಾದರೂ ಕಣ್ಣಿನ ಅಕ್ಷಿಪಟಲ, ಮೂತ್ರದಲ್ಲಿನ ಪ್ರೋಟೀನ್, ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಡಾಕ್ಟರು ಮರೆತರೆ ನೀವು ನೆನಪಿಸಿ. ಪಾದದಲ್ಲಿ ಜೋಮು, ಗಾಯ ಇದ್ದರೆ ಸಂಕೋಚಪಡದೆ ಚಪ್ಪಲಿ ಕಳಚಿ ತೋರಿಸಿ.

ಮುಂದಿನ ಸಲ ಡಾಕ್ಟರ ಎದುರು ಕುಳಿತಾಗ ಮೊದಲ ಮಾತೇ ಹೀಗಿರಲಿ: 'ಈ ತಿಂಗಳು ಇಷ್ಟು ಮಾತ್ರೆ ತಪ್ಪಿದೆ ಸಾರ್, ಕಾರಣ ಇದು.' ಚಿಕಿತ್ಸೆ ಸರಿದಾರಿಗೆ ಬರಲು ಅಷ್ಟು ಗೊತ್ತಾಗಲೇಬೇಕು.