ಕನ್ನಡಿ ಮುಂದೆ 10 ನಿಮಿಷ



ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿದರೆ ನೀರು ಒಂದು ಕಡೆಯಿಂದ ಸೋರುತ್ತದೆ. ಒಂದು ಕಣ್ಣು ಮುಚ್ಚುವುದಿಲ್ಲ. ನಕ್ಕರೆ ಬಾಯಿ ಸೊಟ್ಟ. 'ಗಾಳಿ ಬಡಿದಿದೆ' ಅಂತ ಅಂತ್ರ ಕಟ್ಟಿಸೋಕೆ ಓಡ್ತೀವಿ. ಸೆರಗಲ್ಲಿ ಮುಖ ಮುಚ್ಚಿಕೊಂಡು ಮೂಲೆ ಸೇರ್ತೀವಿ.

ಇದು ಗಾಳಿಯಲ್ಲ. ಕಿವಿಯ ಹತ್ತಿರದಿಂದ ಮುಖಕ್ಕೆ ಒಂದು ನರ ಬರುತ್ತದೆ. ಅದು ಊದಿಕೊಂಡು ಮೂಳೆಯ ಸಂದಿಯಲ್ಲಿ ಒತ್ತಿಹೋಗುತ್ತದೆ. ಇದಕ್ಕೆ ಬೆಲ್ಸ್ ಪಾಲ್ಸಿ ಎಂದು ಹೆಸರು. ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. 3 ದಿನದೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ಕೈಕಾಲೂ ಸೋತರೆ, ಮಾತು ತೊದಲಿದರೆ ಲಕ್ವ ಇರಬಹುದು. ಆಗ ಒಂದು ಗಳಿಗೆಯೂ ಕಾಯಬಾರದು.

ಆಮೇಲಿನ ಕೆಲಸ ನಮ್ಮ ಕೈಯದು. ಫಿಸಿಯೋಥೆರಪಿಯವರು ತೋರಿಸಿಕೊಡುತ್ತಾರೆ. ಕನ್ನಡಿ ಮುಂದೆ ಕೂತು, ಬೆರಳ ತುದಿಯಿಂದ ಗದ್ದದಿಂದ ಕಿವಿಯ ಕಡೆಗೆ ನೀವಬೇಕು. ಕೂಸಿಗೆ ಎಣ್ಣೆ ಹಚ್ಚುವಷ್ಟು ಮೆತ್ತಗೆ. ಖಾರ ಅರೆದ ಹಾಗೆ ತಿಕ್ಕಬಾರದು! ಜೋತ ತುಟಿಯ ಮೂಲೆಗೆ ಬೆರಳು ಆಸರೆ ಕೊಟ್ಟು, ನಿಧಾನವಾಗಿ ನಗಬೇಕು. ಚೂರು ಅಲ್ಲಾಡಿದರೂ ಸಾಕು. ನರ ಮತ್ತೆ ಚಿಗುರುವಾಗ ಕೆಲವೊಮ್ಮೆ ದಾರಿ ತಪ್ಪುತ್ತದೆ. ನಕ್ಕರೆ ಕಣ್ಣು ಮುಚ್ಚಿಕೊಳ್ಳುತ್ತದೆ. ಜೋರು ಮಾಡಿದರೆ ಆ ತಪ್ಪೇ ರೂಢಿಯಾಗಿಬಿಡಬಹುದು.

ಕಣ್ಣು ಮರೀಬೇಡಿ. ತೆರೆದೇ ಇದ್ದರೆ ಒಣಗಿ ಹುಣ್ಣಾಗುತ್ತದೆ. ಡಾಕ್ಟರು ಕೊಟ್ಟ ಹನಿ ಹಾಕಿ. ಮಲಗುವಾಗ ರೆಪ್ಪೆ ಮುಚ್ಚಿ ಪಟ್ಟಿ ಅಂಟಿಸಿ. ಒಲೆಯ ಹೊಗೆಗೆ ಮುಖ ಕೊಡಬೇಡಿ.

ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಗುಣ ಕಾಣುತ್ತದೆ. ಕೆಲವರಿಗೆ 6 ತಿಂಗಳು, ಅದಕ್ಕೂ ಹೆಚ್ಚು ಹಿಡಿಯುತ್ತದೆ. ಅಲ್ಲಿವರೆಗೂ ದಿನಾ ಕನ್ನಡಿ ಮುಂದೆ ಕೂರೋಣ. 'ಮೊದಲು ಅಡಿಗೆ ಮಾಡು' ಅಂತ ಮನೆಯವರು ಕೂಗಿದರೆ, ಊಟ ಇವತ್ತು 10 ನಿಮಿಷ ತಡ ಅಂತ ಹೇಳೋಣ.